ಮಾಚು ಪಿಚುಗೆ ಎರಡು ದಾರಿ: ಬಸವನಗುಡಿಯ ಒಂದು ಮನೆಯ ಟ್ರೆಕ್ ಪ್ಲ್ಯಾನ್

ಈ ಪ್ರಕರಣದಲ್ಲಿ ನಾಲ್ಕು ಜನ ಇದ್ದಾರೆ. ಅಕ್ಕ, 54 ವರ್ಷ, ಶಾಲೆಯಲ್ಲಿ ಟೀಚರ್. ಭಾವ, 59 ವರ್ಷ, ಸರ್ಕಾರಿ ಇಲಾಖೆಯಲ್ಲಿ ಸಿವಿಲ್ ಇಂಜಿನಿಯರ್, ನಿವೃತ್ತಿಗೆ ಹತ್ತಿರ. ಅವರ ಮಗಳು, 27 ವರ್ಷ, ಸಾಫ್ಟ್‌ವೇರ್ ಕೆಲಸ, ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ಓಡುವವಳು. ನಾಲ್ಕನೆಯವನು ನಾನು, ಅಕ್ಕನ ತಮ್ಮ. ಟಿಕೆಟ್, ಬುಕಿಂಗ್ ಅಂತ ಏನೇ ಬಂದರೂ ನನ್ನ ತಲೆಗೆ ಕಟ್ಟುವುದು ನಮ್ಮ ಮನೆಯ ವಾಡಿಕೆ. ಹಾಗಾಗಿ ಪ್ಲ್ಯಾನ್ ಮಾಡುವ ಕೆಲಸ ನನಗೇ ಬಂತು.

ಆಸೆ ಸರಳವಾಗಿತ್ತು. ಮಾಚು ಪಿಚು ಅಂದರೆ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳಿದ ಇಂಕಾ ಜನ ಬೆಟ್ಟದ ಮೇಲೆ ಕಟ್ಟಿದ ಊರು, ಈಗ ಪಾಳು. ಅಲ್ಲಿಗೆ ರೈಲು ಹತ್ತಿ ಹೋಗುವುದು ಬೇಡ, ಇಂಕಾ ಜನ ಕಲ್ಲು ಹಾಸಿದ ಹಳೆಯ ದಾರಿಯಲ್ಲೇ ನಡೆದು ಹೋಗಬೇಕು. ನಾಲ್ಕೂ ಜನ ಒಟ್ಟಿಗೆ ಹೋಗಬೇಕು. ಮೊದಲನೆಯದು ಈಡೇರಿತು. ಎರಡನೆಯದನ್ನು ಬಿಟ್ಟುಕೊಟ್ಟೆವು. ಯಾಕೆ ಬಿಟ್ಟುಕೊಟ್ಟೆವು, ಅದು ಯಾಕೆ ಒಳ್ಳೆಯದೇ ಆಯಿತು ಅನ್ನುವುದೇ ಈ ಬರಹದ ಮುಖ್ಯ ವಿಷಯ.

ಗಂಟು ಇರುವುದು ಇಲ್ಲಿ. ಈ ಟ್ರೆಕ್‌ನ ಪರ್ಮಿಟ್ ತಿಂಗಳುಗಟ್ಟಲೆ ಮುಂಚೆ ಕೊಳ್ಳಬೇಕು. ಕೊಂಡ ಮೇಲೆ ಹೆಸರು ಬದಲಾಯಿಸಲು ಆಗುವುದಿಲ್ಲ, ತಾರೀಖು ಬದಲಾಯಿಸಲು ಆಗುವುದಿಲ್ಲ, ದುಡ್ಡು ವಾಪಸ್ ಬರುವುದಿಲ್ಲ. ಆದರೆ ಯಾರ ಮೈ ಈ ದಾರಿಗೆ ಒಗ್ಗುತ್ತದೆ ಅಂತ ಗೊತ್ತಾಗುವುದು ಜನ ತಯಾರಿ ಶುರು ಮಾಡಿದ ಮೇಲೆ. ಹೆಚ್ಚಿನವರು ಮೊದಲು ದುಡ್ಡು ಕಟ್ಟಿ, ಆಮೇಲೆ ಬೂಟು ಕೊಂಡು, ಆಮೇಲೆ ಮೆಟ್ಟಿಲು ಹತ್ತಲು ಶುರು ಮಾಡುತ್ತಾರೆ. ನಾವು ಇದನ್ನು ತಿರುಗಿಸಿದೆವು. ಮೊದಲು ಬೆಟ್ಟ ಹತ್ತಿ ಇಳಿಯುವುದು, ಆಮೇಲೆ ದುಡ್ಡು ಕಟ್ಟುವುದು.

ಯಾವ ದಾರಿ

ಆ ಸೀಮೆಯಲ್ಲಿ ಪಾಳು ಊರುಗಳಿಗೆ ನಡೆದು ಹೋಗುವ ದಾರಿ ಒಂದೆರಡಲ್ಲ. ನಮ್ಮ ಮುಂದೆ ಮೂರು ಇದ್ದವು.

ಎಲ್ಲರೂ ಹೇಳುವ ಇಂಕಾ ಟ್ರೇಲ್ 4 ದಿನದ್ದು, ಸುಮಾರು 42 ಕಿ.ಮೀ. ಆ ಸೀಮೆಯ ದೊಡ್ಡ ಊರಾದ ಕುಸ್ಕೊ ಕಡೆಯಿಂದ ಬರುವ ರೈಲು ಹಳಿಯ ಪಕ್ಕ 'ಕಿಲೋಮೀಟರ್ 82' ಅನ್ನುವ ಜಾಗದಿಂದ ಶುರು. ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶ. ಅದರಲ್ಲಿ ಗೈಡು, ಅಡುಗೆಯವರು, ಪೋರ್ಟರುಗಳೂ ಸೇರಿದ್ದಾರೆ. ಹೊರಗಿನಿಂದ ಬರುವವರಿಗೆ ಉಳಿಯುವುದು ಸುಮಾರು 200 ಜಾಗ. ಲೈಸೆನ್ಸ್ ಇರುವ ಏಜೆನ್ಸಿ ಮೂಲಕವೇ ಹೋಗಬೇಕು, ಒಬ್ಬರೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವ ಹಾಗಿಲ್ಲ. ಪ್ರತಿ ವರ್ಷ ಫೆಬ್ರವರಿಯಲ್ಲಿ ದಾರಿ ಮುಚ್ಚಿರುತ್ತದೆ. ಅದು ಜೋರು ಮಳೆಯ ತಿಂಗಳು, ಆಗಲೇ ರಿಪೇರಿ ಮಾಡುತ್ತಾರೆ.

ಎರಡನೆಯದು ಸಾಲ್ಕಂತಾಯ್. ಇದಕ್ಕೆ ಆ ಪರ್ಮಿಟ್ ಬೇಡ. ಆದರೆ ದಾರಿಯಲ್ಲಿ ದಾಟಬೇಕಾದ ಕಣಿವೆ, ಅಂದರೆ ಎರಡು ಶಿಖರಗಳ ನಡುವೆ ಬೆಟ್ಟ ದಾಟುವ ಜಾಗ, 4,600 ಮೀಟರ್ ಮೀರಿದ ಎತ್ತರದಲ್ಲಿದೆ. ದಾರಿಯುದ್ದಕ್ಕೂ ಹಿಮದ ಬೆಟ್ಟ ನೋಡಬಹುದು, ಕಲ್ಲಿನ ಊರುಗಳು ಕಡಿಮೆ. ನಮಗೆ ಬೇಕಾಗಿದ್ದು ಕಲ್ಲು. ಅದನ್ನು ಬೇಗ ಬಿಟ್ಟೆವು.

ಮೂರನೆಯದು ಚೊಕೆಕಿರಾವ್. ಅಕ್ಕನ ಮಗಳ ಮನಸ್ಸು ಇದರ ಮೇಲಿತ್ತು. ಸುಮಾರು 3,050 ಮೀಟರ್ ಎತ್ತರದಲ್ಲಿರುವ ದೊಡ್ಡ ಇಂಕಾ ಊರು ಇದು. ರೈಲಿಲ್ಲ, ಬಸ್ಸಿಲ್ಲ. ಕಾಲ್ನಡಿಗೆ ಅಥವಾ ಹೇಸರಗತ್ತೆ, ಅಷ್ಟೇ. ಊರಿನ ಬಹುಪಾಲು ಇನ್ನೂ ಕಾಡಿನೊಳಗೇ ಇದೆ. ಮಾಚು ಪಿಚುವನ್ನು 1911ರಲ್ಲಿ ಹೊರ ಜಗತ್ತಿಗೆ ಪ್ರಚಾರ ಮಾಡಿದ ಹೈರಮ್ ಬಿಂಗಮ್ 1909ರಲ್ಲೇ ಚೊಕೆಕಿರಾವ್‌ಗೆ ಬಂದಿದ್ದ. "ಮಾಮ, ಅಲ್ಲಿ ಜನಾನೇ ಇರಲ್ಲ, ಇಡೀ ಊರು ನಮ್ಮದೇ" ಅಂತ ಅವಳು ಫೋಟೊ ತೋರಿಸುತ್ತಿದ್ದಳು. ನಿಜ. ಆದರೆ ನಕ್ಷೆ ನೋಡಿದರೆ ಕಥೆ ಬೇರೆ. ಅಪುರಿಮಾಕ್ ನದಿಯ ತನಕ ಸುಮಾರು 1,400 ಮೀಟರ್ ಇಳಿಯಬೇಕು. ಸೇತುವೆ ದಾಟಿ ಹೆಚ್ಚುಕಡಿಮೆ ಅಷ್ಟೇ ಹತ್ತಬೇಕು. ನೋಡಿದ ಮೇಲೆ ಬಂದ ದಾರಿಯಲ್ಲೇ ಮತ್ತೆ ಇಳಿದು ಹತ್ತಬೇಕು. 27 ವರ್ಷದ ಕಾಲಿಗೆ ಅದು ಹಬ್ಬ. ನಮ್ಮ ಗುಂಪಿನ ಎಲ್ಲ ಕಾಲುಗಳೂ 27 ವರ್ಷದವಲ್ಲ.

ಹೀಗಾಗಿ ಇಂಕಾ ಟ್ರೇಲ್. ಅದನ್ನು ಒಪ್ಪಿಕೊಳ್ಳಲು ಭಾವನಿಗೆ ಬೇರೆಯೇ ಕಾರಣ ಇತ್ತು. ಅವರಿಗೆ ಬೆಟ್ಟದ ಹುಚ್ಚಿಲ್ಲ, ನೀರಿನ ಹುಚ್ಚು. ಮಾಚು ಪಿಚುವಿನಲ್ಲಿ ವರ್ಷಕ್ಕೆ ಬೀಳುವ ಮಳೆ ಬೆಂಗಳೂರಿನ ಮಳೆಯ ಸುಮಾರು ಎರಡರಷ್ಟು. ಊರು ಕೂತಿರುವುದು ಎರಡು ಶಿಖರಗಳ ನಡುವಿನ ಕಿರಿದಾದ ಏಣಿನ ಮೇಲೆ. ಆದರೂ 15ನೇ ಶತಮಾನದ ನಡುವೆ ಕಟ್ಟಿದ್ದು ಇವತ್ತಿಗೂ ಕುಸಿದಿಲ್ಲ. ಕಾರಣ ನೆಲದಡಿಯಲ್ಲಿದೆ. ಮೆಟ್ಟಿಲು ಗದ್ದೆಗಳ ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಆಮೇಲೆ ಮಣ್ಣು. ಬಿದ್ದ ನೀರು ನಿಲ್ಲದೆ ಜಿನುಗಿ ಹೋಗುತ್ತದೆ. ಊರಿನ ನಡುವೆ ಒಂದರ ಕೆಳಗೆ ಒಂದರಂತೆ 16 ನೀರಿನ ತೊಟ್ಟಿಗಳಿವೆ.

"ಅಲ್ಲಯ್ಯ, ನಮ್ಮಲ್ಲಿ ಒಂದು ಗಂಟೆ ಮಳೆ ಬಂದ್ರೆ ಸಿಲ್ಕ್ ಬೋರ್ಡ್ ಹತ್ರ ಕಾರು ತೇಲುತ್ತೆ. ಅವರು ಕಬ್ಬಿಣ ಇಲ್ಲದ ಕಾಲದಲ್ಲಿ ಬೆಟ್ಟದ ತುದೀಲಿ ಚರಂಡಿ ಮಾಡಿದ್ದಾರೆ. ಅದನ್ನ ನೋಡ್ದೆ ರಿಟೈರ್ ಆದ್ರೆ ಏನು ಬಂತು?" ಅಂದರು.

ಈ ಮಾತನ್ನು ನಾನು ಬರೆದಿಟ್ಟುಕೊಂಡೆ. ಮುಂದೆ ಇದೇ ನಮ್ಮ ಕೈ ಹಿಡಿಯಿತು.

ತಾರೀಖು

ಇದು ಬೇಗ ಮುಗಿಯಿತು. ಅಕ್ಕನ ಶಾಲೆಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ, ಇಲ್ಲವೇ ದಸರೆಗೆ. ಅಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ ಒಣಹವೆ. ಏಪ್ರಿಲ್‌ನಲ್ಲಿ ಮಳೆಯ ಬಾಲ ಇನ್ನೂ ಇರಬಹುದು. ಜೂನ್ 24ಕ್ಕೆ ಕುಸ್ಕೊದಲ್ಲಿ ಇಂಟಿ ರೈಮಿ ಅನ್ನುವ ಸೂರ್ಯನ ಹಬ್ಬ, ಆಗ ಊರು ತುಂಬಿರುತ್ತದೆ. ಮೇ ತಿಂಗಳ ನಡುವೆ ಅಂತ ನಿಂತಿತು. ಆದರೆ ಮೇ ಎಲ್ಲರಿಗೂ ಬೇಕಾದ ತಿಂಗಳು. ಅದರ ಪರ್ಮಿಟ್ ಹಿಂದಿನ ವರ್ಷದ ಕೊನೆಯಲ್ಲಿ ಮಾರಾಟಕ್ಕೆ ಬಂದ ಮೇಲೆ ಬೇಗ ಖಾಲಿಯಾಗುತ್ತದೆ. ಅಂದರೆ ನಮ್ಮ ಪರೀಕ್ಷೆ ಅಕ್ಟೋಬರ್ ಒಳಗೆ ಮುಗಿಯಬೇಕಿತ್ತು.

ಕುಮಾರ ಪರ್ವತದಲ್ಲಿ ಪರೀಕ್ಷೆ

ಇಂಕಾ ಟ್ರೇಲ್‌ನ ಒಟ್ಟು ದೂರ ನೋಡಿ ಹೆದರಬೇಕಾಗಿಲ್ಲ. 4 ದಿನಕ್ಕೆ 42 ಕಿ.ಮೀ. ಅಂದರೆ ಎಷ್ಟು ಮಹಾ? ಹೆದರಬೇಕಾದ್ದು ಎರಡು ದಿನಗಳಿಗೆ. ಎರಡನೇ ದಿನ ಸುಮಾರು 3,000 ಮೀಟರ್‌ನಿಂದ ಹೊರಟು 4,215 ಮೀಟರ್ ಎತ್ತರದ ವಾರ್ಮಿ ವಾನ್ಯುಸ್ಕ ಕಣಿವೆ ಹತ್ತಬೇಕು. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ 60% ಆಸುಪಾಸು. ಮೂರನೇ ದಿನ ಇನ್ನೊಂದು ಕಣಿವೆ ದಾಟಿ, ಸುಮಾರು 3,950 ಮೀಟರ್‌ನಿಂದ 2,650ರ ತನಕ ಕಲ್ಲು ಮೆಟ್ಟಿಲು ಇಳಿಯಬೇಕು. ಮೆಟ್ಟಿಲು ಒಂದರಂತೆ ಇನ್ನೊಂದಿಲ್ಲ. ಒಂದು ಗೇಣು, ಇನ್ನೊಂದು ಮೊಣಕಾಲೆತ್ತರ. ಮಂಜು ಬಿದ್ದರೆ ಜಾರುತ್ತದೆ.

ಎತ್ತರವನ್ನು ಕರ್ನಾಟಕದಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಕಾಲನ್ನು ಮಾತ್ರ ಚೆನ್ನಾಗಿ ಪರೀಕ್ಷೆ ಮಾಡಬಹುದು. ಶುರುವಿಗೆ ನಂದಿ ಬೆಟ್ಟವನ್ನು ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಿನಲ್ಲಿ ಹತ್ತಿ ಇಳಿದೆವು. ಶಿವಗಂಗೆಗೆ ಹೋದೆವು. ಅಲ್ಲೆಲ್ಲ ಯಾರಿಗೂ ಏನೂ ಆಗಲಿಲ್ಲ. ಆಗಬಾರದು ಕೂಡ. ಬೆಳಗ್ಗೆ ಹತ್ತಿ ತಿಂಡಿ ಹೊತ್ತಿಗೆ ಇಳಿಯುವ ಬೆಟ್ಟ ನಾಲ್ಕು ದಿನದ ಟ್ರೆಕ್ ಬಗ್ಗೆ ಏನೂ ಹೇಳುವುದಿಲ್ಲ. ಬೆಂಗಳೂರಿನ ಗುಂಪುಗಳು ಮೋಸ ಹೋಗುವುದು ಇಲ್ಲೇ ಅಂತ ನನ್ನ ಅನಿಸಿಕೆ.

ನಿಜವಾದ ಪರೀಕ್ಷೆಗೆ ಕುಮಾರ ಪರ್ವತ ಆರಿಸಿದ್ದಕ್ಕೆ ಲೆಕ್ಕ ಇತ್ತು. ಶಿಖರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್‌ನಲ್ಲಿ. ಸೋಮವಾರಪೇಟೆ ಕಡೆಯಿಂದ ಹತ್ತಿ ಕುಕ್ಕೆ ಕಡೆ ಇಳಿದರೆ ಒಂದೇ ದಿನದಲ್ಲಿ ಸುಮಾರು 1,600 ಮೀಟರ್ ಇಳಿತ. ಇಂಕಾ ಟ್ರೇಲ್‌ನ ಮೂರನೇ ದಿನಕ್ಕಿಂತ ಇದು ಕಠಿಣ. ಇದನ್ನು ಇಳಿದು ಮಾರನೆಯ ದಿನವೂ ಮೆಟ್ಟಿಲು ಹತ್ತಲು ಆದರೆ ಅವರು ಪಾಸ್. ಮಳೆಗಾಲ ಕಳೆದು ದಾರಿ ತೆರೆದ ಕೂಡಲೇ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್‌ನಲ್ಲಿ ಜಾಗ ಹಿಡಿದೆವು.

ಹತ್ತುವಾಗ ಅಕ್ಕನ ಮಗಳು ಎಲ್ಲರಿಗಿಂತ ಮುಂದೆ. ಭಾವ ಅವಳ ಹಿಂದೆ, ಒಂದೇ ಲಯದಲ್ಲಿ. ಅಕ್ಕ ಕೊನೆಗೆ. ನಾಲ್ಕು ಹೆಜ್ಜೆ, ಒಂದು ನಿಲುವು, ಜಿಗಣೆ ಕಿತ್ತು ಎಸೆಯುವುದು, ಮತ್ತೆ ನಾಲ್ಕು ಹೆಜ್ಜೆ. ಶಿಖರದಲ್ಲಿ ನೋಡಿದ್ದರೆ ಯಾರಾದರೂ ಅಕ್ಕನನ್ನೇ ಬಿಟ್ಟು ಹೋಗಬೇಕು ಅನ್ನುತ್ತಿದ್ದರು.

ಇಳಿತದಲ್ಲಿ ಲೆಕ್ಕ ಬದಲಾಯಿತು. ಶೇಷ ಪರ್ವತ ದಾಟಿ ಹುಲ್ಲುಗಾವಲಿಗೆ ಬರುವಷ್ಟರಲ್ಲಿ ಭಾವ ಅಡ್ಡಡ್ಡ ಕಾಲಿಟ್ಟು ಇಳಿಯತೊಡಗಿದರು. ಬಲ ಮೊಣಕಾಲು. ಇಳಿಯುವ ದಾರಿಯಲ್ಲೇ ಸಿಗುವ ಭಟ್ಟರ ಮನೆ ಹತ್ತಿರ ಕೂತವರಿಗೆ ಏಳಲು ಎರಡು ಕೋಲು ಬೇಕಾಯಿತು. ಅಲ್ಲಿಂದ ಕೆಳಗಿನ ಕಾಡಿನ ದಾರಿಯನ್ನು ಟಾರ್ಚ್ ಬೆಳಕಿನಲ್ಲಿ ಮುಗಿಸಿದೆವು. ಮಾರನೆಯ ಬೆಳಗ್ಗೆ ಅಕ್ಕ ಎಂದಿನಂತೆ ಎದ್ದು ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗಿ ಬಂದಳು. ಭಾವನಿಗೆ ಕಾಲು ಮಡಚಲು ಆಗಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮಾತು ಶುರುವಾಯಿತು.

"ಮೊಣಕಾಲಿಗೆ ಒಂದು ಪಟ್ಟಿ ಹಾಕ್ಕೊಂಡ್ರೆ ಸರಿ ಹೋಗುತ್ತೆ. ಇನ್ನೂ ಏಳು ತಿಂಗಳಿದೆಯಲ್ಲ" ಅಂದರು ಭಾವ.

"ಪಟ್ಟಿ ಹಾಕ್ಕೊಂಡು ಎರಡನೇ ದಿನ ಹತ್ತಿಬಿಡ್ತೀರಿ, ನಂಗೆ ಗೊತ್ತು. ಮೂರನೇ ದಿನ ನಿಮ್ಮನ್ನ ಇಳಿಸೋದು ಯಾರು?" ಅಂದಳು ಅಕ್ಕ.

ಅವಳ ಮಾತಿನಲ್ಲಿ ಹುರುಳಿತ್ತು. ಆ ಕಣಿವೆ ದಾಟಿದ ಮೇಲೆ ಹತ್ತಿರದಲ್ಲಿ ಎಲ್ಲೂ ರಸ್ತೆ ಇಲ್ಲ. ಹಿಂದೆ ಹೋಗಬೇಕೆಂದರೆ ಮತ್ತೆ ಕಣಿವೆ ಹತ್ತಬೇಕು, ಮುಂದೆ ಹೋಗಬೇಕೆಂದರೆ ಮೆಟ್ಟಿಲು ಇಳಿಯಬೇಕು. ನಡುವೆ ಕಾಲು ಕೈಕೊಟ್ಟರೆ ಪೋರ್ಟರುಗಳು ಹೊತ್ತು ತರಬೇಕಾಗುತ್ತದೆ. ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದೂ ಅದನ್ನೇ: ಮೃದ್ವಸ್ಥಿ ಸವೆದಿದೆ, ನಡೆಯಬಹುದು, ಹತ್ತಬಹುದು, ದಿನವಿಡೀ ಮೆಟ್ಟಿಲು ಇಳಿಯುವುದು ಬೇಡ.

ಕಿಲೋಮೀಟರ್ 104

ಭಾವನನ್ನು ರೈಲಿನಲ್ಲಿ ಕಳಿಸುವ ಯೋಚನೆ ಮೊದಲು ಬಂತು. ಅವರು ಕೇಳಲೇ ಇಲ್ಲ. ಇಡೀ ಟ್ರೆಕ್ ಬಿಡುವ ಮಾತೂ ಬಂತು. ಅದನ್ನು ಅಕ್ಕ ಕೇಳಲಿಲ್ಲ.

ಆಗ ಚಿಕ್ಕ ಇಂಕಾ ಟ್ರೇಲ್ ನೋಡಿದೆವು. ಅದೇ ರೈಲು ಹಳಿಯಲ್ಲಿ ಇನ್ನೂ ಮುಂದೆ 'ಕಿಲೋಮೀಟರ್ 104' ಅಂತ ಇದೆ. ಅಲ್ಲಿ ಇಳಿದು, ಉರುಬಾಂಬಾ ನದಿಯ ಸೇತುವೆ ದಾಟಿ ಹತ್ತಿದರೆ ವಿನ್ಯಾಯ್ ವಾಯ್ನ ಅನ್ನುವ ಪಾಳು ಊರಿನಲ್ಲಿ ದೊಡ್ಡ ಟ್ರೇಲ್‌ಗೆ ಸೇರಿಕೊಳ್ಳುತ್ತೇವೆ. ಅಲ್ಲಿಂದ ಸೂರ್ಯನ ಬಾಗಿಲು ಅನ್ನುವ ಇಂಟಿ ಪುಂಕು, ಆಮೇಲೆ ಮಾಚು ಪಿಚು. ಒಟ್ಟು ಸುಮಾರು 12 ಕಿ.ಮೀ., ಒಂದೇ ದಿನದ ನಡಿಗೆ. ಅತಿ ಎತ್ತರದ ಜಾಗ 2,700 ಚಿಲ್ಲರೆ ಮೀಟರ್. ಬಹುಪಾಲು ಹತ್ತುವುದೇ, ದೊಡ್ಡ ಇಳಿತ ಇರುವುದು ಕೊನೆಯ 300 ಮೀಟರ್ ಮಾತ್ರ. ಭಾವನ ಮೊಣಕಾಲಿಗೆ ಬೇಕಾದದ್ದು ಇದೇ.

ಅವರು ಸುಲಭಕ್ಕೆ ಒಪ್ಪಲಿಲ್ಲ. "ಅಂದ್ರೆ ನಿಮ್ಮದು ಟ್ರೆಕ್ಕಿಂಗು, ನಂದು ಪಿಕ್ನಿಕ್ಕು" ಅಂದರು. ಮಗಳು ನಕ್ಷೆಯನ್ನು ಊಟದ ಮೇಜಿನ ಮೇಲೆ ಹಾಸಿ ಕೇಳಿದಳು: "ಅಪ್ಪಾ, ನಿಮಗೆ ಏನೇನು ನೋಡಬೇಕು, ಒಂದೊಂದೇ ಹೇಳಿ." ನಾನು ಬರೆದಿಟ್ಟ ಮಾತು ಆಗ ಹೊರಗೆ ಬಂತು. ಮೆಟ್ಟಿಲು ಗದ್ದೆ ಬೇಕು. ವಿನ್ಯಾಯ್ ವಾಯ್ನದಲ್ಲಿ ಇಳಿಜಾರಿನ ತುಂಬ ಅದೇ. ಸಾಲು ತೊಟ್ಟಿ ಬೇಕು. ಅಲ್ಲೂ ಇದೆ, ಮಾಚು ಪಿಚುವಿನಲ್ಲೂ ಇದೆ. ಗಾರೆ ಇಲ್ಲದೆ ಕೂರಿಸಿದ ಕಲ್ಲು ಬೇಕು. ಎಲ್ಲ ಕಡೆ ಇದೆ. ಅವರು ಕೇಳಿದ್ದರಲ್ಲಿ ತಪ್ಪಿಹೋಗುವುದು ಫುಯುಪಟಮಾರ್ಕದ ತೊಟ್ಟಿಗಳು ಮಾತ್ರ. ಅದು ಮೂರನೇ ದಿನದ ಇಳಿತದ ತಲೆಯ ಮೇಲೆ ಕೂತಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಫೋಟೊ ಸರಿಯಾಗಿ ತೆಗೀಬೇಕು. ನೀರು ಬರೋ ಬಾಯಿ, ಹೋಗೋ ಬಾಯಿ, ಎರಡೂ" ಅಂದರು. ಅದೇ ಒಪ್ಪಿಗೆ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಮ್ಮ ಕಡೆ ಮನೆಯವರೆಲ್ಲ ಹೊರಟರೆ ಒಂದೇ ಗಾಡಿ, ಒಂದೇ ರೂಮು, ಒಂದೇ ದಾರಿ ಆಗಬೇಕು ಅಂತ ಹಟ ಇರುತ್ತದೆ. ತಿರುಪತಿಗೆ ಅದು ನಡೆಯುತ್ತದೆ. ಬೆಟ್ಟಕ್ಕೆ ನಡೆಯುವುದಿಲ್ಲ. ಒಟ್ಟಿಗೇ ಹೋಗಬೇಕು ಅಂದರೆ ಒಬ್ಬರ ಕಾಲಿಗೆ ತಕ್ಕಂತೆ ಎಲ್ಲರೂ ಕಡಿಮೆ ನೋಡಬೇಕು, ಇಲ್ಲವೇ ಎಲ್ಲರ ಆಸೆಗೆ ಒಬ್ಬರು ಕಾಲು ಕಳೆದುಕೊಳ್ಳಬೇಕು.

ತಾರೀಖು ಹೊಂದಿಸುವುದು ಸೂಕ್ಷ್ಮದ ಕೆಲಸ. ಚಿಕ್ಕ ಟ್ರೇಲ್‌ಗೂ ಪರ್ಮಿಟ್ ಬೇಕು, ಗೈಡ್ ಬೇಕು. ನಮ್ಮ ಮೂರನೇ ದಿನ ಭಾವ ಕಿಲೋಮೀಟರ್ 104ರಲ್ಲಿ ಇಳಿಯಬೇಕು. ಆ ಸಂಜೆ ಮಾಚು ಪಿಚು ತಲುಪಿ, ಬಸ್ಸಿನಲ್ಲಿ ಕೆಳಗಿನ ಆಗ್ವಾಸ್ ಕಾಲಿಯೆಂಟೆಸ್ ಊರಿಗೆ ಇಳಿದು ಹೋಟೆಲಿನಲ್ಲಿ ಮಲಗಬೇಕು. ನಾವು ಆ ರಾತ್ರಿ ವಿನ್ಯಾಯ್ ವಾಯ್ನ ಹತ್ತಿರದ ಟೆಂಟಿನಲ್ಲಿರುತ್ತೇವೆ. ನಾಲ್ಕನೇ ಬೆಳಗ್ಗೆ ನಾವು ಸೂರ್ಯನ ಬಾಗಿಲಿನಿಂದ ಇಳಿಯುತ್ತೇವೆ, ಅವರು ಬಸ್ಸಿನಲ್ಲಿ ಹತ್ತಿ ಬರುತ್ತಾರೆ. ಅವರಿಗೆ ಆ ದಿನದ ಮಾಚು ಪಿಚು ಟಿಕೆಟ್ ಬೇರೆ ಕೊಳ್ಳಬೇಕು. ಎರಡೂ ಪರ್ಮಿಟ್ ಕೈಗೆ ಬಂದ ಮೇಲೆಯೇ ವಿಮಾನದ ಟಿಕೆಟ್ ಕೊಂಡೆವು.

ಕಾಗದ ಪತ್ರ

ಪರ್ಮಿಟ್ ಪಾಸ್‌ಪೋರ್ಟ್ ನಂಬರಿಗೆ ಅಂಟಿರುತ್ತದೆ. ಟ್ರೆಕ್ ಬಾಗಿಲಿನಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಕನ್ನಡಿಗರಿಗೆ ಇಲ್ಲೊಂದು ತೊಡಕಿದೆ, ಇನಿಷಿಯಲ್. ಅಕ್ಕನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಕೆಳಗಿನ ಸಾಲಿನಲ್ಲಿ. ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ. ಏಜೆನ್ಸಿಯ ಫಾರ್ಮ್ ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ. ನಾವು ಪಾಸ್‌ಪೋರ್ಟ್ ಪುಟವನ್ನೇ ಕಳಿಸಿ, ಅದರಲ್ಲಿ ಇರುವ ಹಾಗೆಯೇ ಬರೆಯಿರಿ ಅಂತ ಹೇಳಿ, ಪರ್ಮಿಟ್ ಬಂದ ಮೇಲೆ ಅಕ್ಷರ ಅಕ್ಷರ ತಾಳೆ ನೋಡಿದೆವು. ಭಾವನ ಪಾಸ್‌ಪೋರ್ಟ್ ಮುಗಿಯಲು ಹತ್ತಿರ ಬಂದಿತ್ತು. ಅದನ್ನು ಪರ್ಮಿಟ್‌ಗೆ ಮೊದಲೇ ಹೊಸದು ಮಾಡಿಸಿದೆವು. ನಡುವೆ ಮಾಡಿಸಿದ್ದರೆ ನಂಬರ್ ಬದಲಾಗಿ ತಲೆನೋವು ಆಗುತ್ತಿತ್ತು. ಸರ್ಕಾರಿ ನೌಕರರಾದ್ದರಿಂದ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿಯೂ ಬೇಕಿತ್ತು.

ವೀಸಾ ವಿಷಯದಲ್ಲಿ ಒಂದೇ ಮನೆಯಲ್ಲಿ ಎರಡು ನಿಯಮ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ) ವೀಸಾ ಇರುವ ಭಾರತೀಯರು, ಅದಕ್ಕೆ ಕನಿಷ್ಠ 6 ತಿಂಗಳು ಅವಧಿ ಉಳಿದಿದ್ದರೆ, ಪೆರುವಿಗೆ ವೀಸಾ ಇಲ್ಲದೆ ಪ್ರವಾಸ ಹೋಗಬಹುದು. ಅಕ್ಕನ ಮಗಳಿಗೆ ಆಫೀಸ್ ಕೆಲಸಕ್ಕೆ ಮಾಡಿಸಿದ ಅಮೆರಿಕ ವೀಸಾ ಇತ್ತು. ಅವಳಿಗೆ ಏನೂ ಬೇಕಾಗಲಿಲ್ಲ. ನಾವು ಮೂವರು ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕಾಯಿತು. ಅಮೆರಿಕದ ಮೂಲಕ ಹೋಗುವ ವಿಮಾನ ನಮಗೆ ಆಗುವುದಿಲ್ಲ, ಬರೀ ವಿಮಾನ ಬದಲಾಯಿಸಲೂ ಅಲ್ಲಿನ ವೀಸಾ ಬೇಕು. ಆಮ್‌ಸ್ಟರ್‌ಡ್ಯಾಮ್ ಮೂಲಕ ಲಿಮಾ ಅಂತ ಆಯಿತು.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಹಳದಿ ಜ್ವರದ ಲಸಿಕೆ. ಪೆರು ಅದನ್ನು ಕೇಳುವುದಿಲ್ಲ. ಕುಸ್ಕೊ, ಮಾಚು ಪಿಚು ಎತ್ತರದಲ್ಲಿರುವುದರಿಂದ ಅಲ್ಲಿ ಆ ರೋಗದ ಭಯವೂ ಇಲ್ಲ. ಕೇಳುವುದು ನಮ್ಮ ಭಾರತ, ವಾಪಸ್ ಬರುವಾಗ. ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಪೆರು ಇದೆ. ನೀವು ಬೆಟ್ಟಕ್ಕೆ ಮಾತ್ರ ಹೋಗಿದ್ದಿರಾ, ಅಮೆಜಾನ್ ಕಾಡಿಗೂ ಹೋಗಿದ್ದಿರಾ ಅಂತ ನಿಯಮ ನೋಡುವುದಿಲ್ಲ. ಕಾರ್ಡ್ ಇಲ್ಲದಿದ್ದರೆ 6 ದಿನದ ತನಕ ಪ್ರತ್ಯೇಕ ಇಡಬಹುದು. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲೆ ಕಾರ್ಡ್ ಊರ್ಜಿತ, ಆಮೇಲೆ ಜೀವನಪೂರ್ತಿ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಒಂದು ಶೀಷೆಯಲ್ಲಿ ಹಲವು ಜನರ ಡೋಸ್ ಇರುವುದರಿಂದ ಗೊತ್ತಾದ ದಿನಗಳಲ್ಲಿ ಮಾತ್ರ ಕೊಡುತ್ತಾರೆ, ಹೋದ ದಿನವೇ ಸಿಗುತ್ತದೆ ಅಂತ ನಂಬಬೇಡಿ. ಮೊಟ್ಟೆಯ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. 60 ದಾಟಿದವರಿಗೆ ಮೊದಲ ಸಲ ಹಾಕುವಾಗ ವೈದ್ಯರು ಜಾಸ್ತಿ ಯೋಚಿಸುತ್ತಾರೆ. ಭಾವ 59ರಲ್ಲಿ ಹಾಕಿಸಿಕೊಂಡು ಪಾರಾದರು.

ಎತ್ತರ, ಊಟ, ಚೀಲ

ಬೆಂಗಳೂರು ಸುಮಾರು 920 ಮೀಟರ್. ಕುಸ್ಕೊ ವಿಮಾನ ನಿಲ್ದಾಣ ಇರುವುದು 3,300 ಮೀಟರ್ ಮೀರಿ. ಸಮುದ್ರದ ಪಕ್ಕದ ಲಿಮಾದಿಂದ ಒಂದು ಗಂಟೆ ಚಿಲ್ಲರೆಯ ವಿಮಾನ ಹತ್ತಿ ಅಲ್ಲಿ ಇಳಿದರೆ ಮೈ ಗಾಬರಿಯಾಗುತ್ತದೆ. ಅದಕ್ಕೆ ನಮ್ಮ ಪ್ಲ್ಯಾನ್‌ನಲ್ಲಿ ಕುಸ್ಕೊದಲ್ಲಿ ಇಳಿದ ಕೂಡಲೇ ಕಾರು ಹತ್ತಿ ಕೆಳಗೆ ನದಿ ಬಯಲಿನಲ್ಲಿರುವ ಒಯಾಂತಾಯ್‌ಟಾಂಬೊಗೆ ಹೋಗುವುದು ಅಂತ ಬರೆದೆವು. ಅದು ಸುಮಾರು 2,800 ಮೀಟರ್. ಎರಡು ರಾತ್ರಿ ಅಲ್ಲಿ ಮಲಗಿ, ಆಮೇಲೆ ಕುಸ್ಕೊಗೆ ಹತ್ತಿ ಇನ್ನೆರಡು ರಾತ್ರಿ, ಆಮೇಲೆ ಟ್ರೆಕ್. ರಜೆ ಕಡಿಮೆ ಅಂತ ಈ ನಾಲ್ಕು ರಾತ್ರಿಗಳನ್ನು ಕತ್ತರಿಸುವವರಿದ್ದಾರೆ. ಬೇರೆ ಏನನ್ನಾದರೂ ಕತ್ತರಿಸಿ, ಇದನ್ನಲ್ಲ. ಎತ್ತರದ ಕಾಯಿಲೆ ಬರದಂತೆ ನುಂಗುವ ಅಸೆಟಜೋಲಮೈಡ್ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೊಂಡೆವು. ಭಾವ ಬಿಪಿ ಮಾತ್ರೆ ನುಂಗುತ್ತಾರೆ. ಇದು ಮೂತ್ರ ಜಾಸ್ತಿ ಮಾಡುವ ಔಷಧ, ಅವರ ಮಾತ್ರೆ ಜೊತೆ ಹೊಂದುತ್ತದಾ ಅಂತ ನೋಡಬೇಕಿತ್ತು. ಸಲ್ಫಾ ಅಲರ್ಜಿ ಇರುವವರೂ ಮೊದಲೇ ಹೇಳಬೇಕು.

ಅಕ್ಕ ಮೊಟ್ಟೆಯನ್ನೂ ತಿನ್ನುವುದಿಲ್ಲ. ಆದರೂ ಊಟದ ಚಿಂತೆ ಅಂದುಕೊಂಡಷ್ಟು ಇರಲಿಲ್ಲ. ಆಲೂಗಡ್ಡೆಯ ತವರು ಅದೇ ಆಂಡೀಸ್ ಬೆಟ್ಟ. ಮೆಕ್ಕೆಜೋಳ, ಕಿನುವಾ ಅನ್ನುವ ಧಾನ್ಯ, ಅವರೆಯಂಥ ಕಾಳು ಎಲ್ಲ ಇದೆ. ಎಚ್ಚರ ಬೇಕಾದ್ದು ಸೂಪಿನಲ್ಲಿ. ಅಲ್ಲಿ 'ಕಾರ್ನೆ (ಮಾಂಸ) ಬೇಡ' ಅಂದರೆ ಕೆಂಪು ಮಾಂಸ ಬೇಡ ಅಂತ ತಿಳಿದು ಕೋಳಿ ಹಾಕಿಬಿಡಬಹುದು. ಹಾಗಾಗಿ ಮಾಂಸ, ಕೋಳಿ, ಮೀನು, ಮೊಟ್ಟೆ, ಕೋಳಿ ಬೇಯಿಸಿದ ನೀರು, ಒಂದೊಂದನ್ನೂ ಬಿಡಿಸಿ ಸ್ಪ್ಯಾನಿಷ್‌ನಲ್ಲಿ ಬರೆದ ಚೀಟಿಯನ್ನು ಏಜೆನ್ಸಿಗೆ ಕಳಿಸಿದೆವು. ಉಳಿದದ್ದಕ್ಕೆ ಚಟ್ನಿಪುಡಿ ಇತ್ತು.

ಪೋರ್ಟರು ಹೊರುವ ತೂಕಕ್ಕೆ ಕಾನೂನಿನ ಮಿತಿ ಇದೆ, ದಾರಿಯಲ್ಲಿ ತೂಕ ಹಾಕಿ ನೋಡುತ್ತಾರೆ. ನಮ್ಮ ಏಜೆನ್ಸಿ ಒಬ್ಬರಿಗೆ 7 ಕೆ.ಜಿ. ಅಂದಿತು. ಮಲಗುವ ಚೀಲ, ಚಾಪೆ ಕಳೆದರೆ ಬಟ್ಟೆಗೆ ಉಳಿಯುವುದು ಸುಮಾರು 4 ಕೆ.ಜಿ. ಕೋಲಿನ ತುದಿಗೆ ರಬ್ಬರ್ ಟೋಪಿ ಇರಲೇಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಇನ್ಶೂರೆನ್ಸ್ ಕೊಳ್ಳುವಾಗ ಟ್ರೆಕ್ಕಿಂಗ್‌ಗೆ ಎಷ್ಟು ಎತ್ತರದ ತನಕ ಅನ್ವಯ ಅಂತ ಸಣ್ಣ ಅಕ್ಷರ ಓದಿ. 4,215 ಮೀಟರ್‌ಗಿಂತ ಕಡಿಮೆ ಬರೆದಿದ್ದರೆ ಎರಡನೇ ದಿನಕ್ಕೆ ಅದು ಸಲ್ಲುವುದಿಲ್ಲ.

ಆದದ್ದು

ಎರಡನೇ ದಿನ ತಲೆನೋವು ಬಂದದ್ದು ಅಕ್ಕನ ಮಗಳಿಗೆ. ಲಾಲ್‌ಬಾಗ್ ಓಟ ಕೆಲಸಕ್ಕೆ ಬರಲಿಲ್ಲ. ಎತ್ತರದ ಕಾಯಿಲೆಗೆ ವಯಸ್ಸು, ಕಸರತ್ತು ಲೆಕ್ಕಕ್ಕಿಲ್ಲ. ಜೋರಾಗಿ ಹತ್ತುವವರಿಗೇ ಬೇಗ ಹಿಡಿಯುವುದೂ ಉಂಟು. ಗೈಡ್ ಅವಳನ್ನು ಅಕ್ಕನ ಹಿಂದೆ ನಿಲ್ಲಿಸಿ, ಅವರನ್ನು ದಾಟುವ ಹಾಗಿಲ್ಲ ಅಂದ. ನಾಲ್ಕು ಹೆಜ್ಜೆ, ಒಂದು ನಿಲುವು. ಕುಮಾರ ಪರ್ವತದಲ್ಲಿ ನಮಗೆ ಬೇಸರ ತರಿಸಿದ ಅದೇ ನಡಿಗೆ. ಕಣಿವೆ ದಾಟಿ ಪಕಾಯ್‌ಮಾಯೊ ಕ್ಯಾಂಪಿಗೆ ಇಳಿದ ಮೇಲೆ ತಲೆನೋವು ಕಡಿಮೆಯಾಯಿತು.

ಮೂರನೇ ದಿನದ ಮೆಟ್ಟಿಲು ಭಾವನಿಗೆ ಸಾಧ್ಯವೇ ಇರಲಿಲ್ಲ. ಇಳಿಯುತ್ತಾ ನನ್ನ ಕಾಲೇ ನಡುಗುತ್ತಿತ್ತು. ಫುಯುಪಟಮಾರ್ಕದಲ್ಲಿ ನೀರು ಬರುವ ಬಾಯಿ, ಹೋಗುವ ಬಾಯಿ ಎರಡರ ಫೋಟೊವನ್ನೂ ಅಕ್ಕನೇ ತೆಗೆದಳು. ಆ ದಾರಿಯಲ್ಲಿ ಒಂದು ಯೋಚನೆ ಬಿಡದೆ ಬರುತ್ತಿತ್ತು. ಇವರು ಈ ಕಲ್ಲು ಹಾಸುತ್ತಿದ್ದ ಕಾಲಕ್ಕೆ ನಮ್ಮ ಕಡೆ ವಿಜಯನಗರ ತುಂಬಿ ತುಳುಕುತ್ತಿತ್ತು. ಸ್ಪೇನಿನವರು ಇಂಕಾ ದೊರೆಯನ್ನು ಸೆರೆ ಹಿಡಿದದ್ದು 1532ರಲ್ಲಿ, ಹಂಪಿ ಹಾಳಾದದ್ದು 1565ರಲ್ಲಿ. ಒಬ್ಬರ ಹೆಸರು ಇನ್ನೊಬ್ಬರು ಕೇಳಿರಲಿಲ್ಲ.

ನಾಲ್ಕನೇ ಬೆಳಗ್ಗೆ ನಾವು ಮಾಚು ಪಿಚುಗೆ ಇಳಿಯುವಷ್ಟರಲ್ಲಿ ಭಾವ ತೊಟ್ಟಿಗಳ ಹತ್ತಿರ ಗೈಡನ್ನು ಹಿಡಿದು ನಿಲ್ಲಿಸಿಕೊಂಡಿದ್ದರು. ನಮ್ಮನ್ನು ಚೆನ್ನಾಗಿದ್ದೀರಾ ಅಂತ ಕೂಡ ಕೇಳಲಿಲ್ಲ. "ಬಾ ಇಲ್ಲಿ, ಈ ಕಾಲುವೆ ಇಳಿಜಾರು ನೋಡು" ಅಂತ ಅಕ್ಕನ ಕೈ ಹಿಡಿದು ಎಳೆದರು. ಮೊಣಕಾಲು ಹೇಗಿದೆ ಅಂದರೆ, ಸ್ವಲ್ಪ ಊದಿದೆ, ಪರವಾಗಿಲ್ಲ ಅಂದರು. ವಿನ್ಯಾಯ್ ವಾಯ್ನದಲ್ಲಿ ಒಂದು ಗಂಟೆ ಕೂತಿದ್ದರಂತೆ. ನಾವು ಅಲ್ಲಿಗೆ ತಲುಪಿದಾಗ ಕತ್ತಲಾಗುತ್ತಿತ್ತು, ಅಷ್ಟು ಹೊತ್ತು ನೋಡಲು ನಮಗೆ ಸಿಗಲಿಲ್ಲ.

ಹೊರಡುವ ಮುಂಚೆ ಕುಸ್ಕೊ ಹೋಟೆಲಿನಲ್ಲಿ ಕೋಕಾ ಎಲೆಯ ಟೀ ಪೊಟ್ಟಣಗಳನ್ನು ಚೀಲದಿಂದ ತೆಗೆದಿಟ್ಟೆವು. ಅಲ್ಲಿ ಅದು ಅಂಗಡಿಯಲ್ಲಿ ಸಿಗುವ ಸಾಮಾನು, ನಮ್ಮಲ್ಲಿ 1985ರ ಮಾದಕವಸ್ತು ಕಾನೂನಿಗೆ ಒಳಪಡುತ್ತದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆರೋಗ್ಯ ಸಿಬ್ಬಂದಿ ನಾಲ್ಕೂ ಹಳದಿ ಕಾರ್ಡ್ ನೋಡಿ ಬಿಟ್ಟರು.

ಈಗ ಅಕ್ಕನ ಮಗಳ ಆಫೀಸಿನವರು ಒಂದು ಗುಂಪು ಮಾಡಿಕೊಂಡು ನಮ್ಮ ಪ್ಲ್ಯಾನ್ ಕೇಳಿದ್ದಾರೆ. ಹಾಳೆ ಕೊಟ್ಟಿದ್ದೇನೆ, ಏಜೆನ್ಸಿಗೆ ಇನ್ನೂ ದುಡ್ಡು ಕಟ್ಟಬೇಡಿ ಅಂದಿದ್ದೇನೆ. ಸದ್ಯಕ್ಕೆ ಅವರು ಕುಮಾರ ಪರ್ವತಕ್ಕೆ ನವೆಂಬರ್‌ನಲ್ಲಿ ಸ್ಲಾಟ್ ಹುಡುಕುತ್ತಿದ್ದಾರೆ.